ಒಂದು, ಎರಡು, ಮೂರು ಬಂದರೆ ಹೂಂ

ನನ್ನನ್ನು ನೋಡುವ ಶಾಸ್ತ್ರ ನಡೆದದ್ದು ವಿಜಯವಾಡದ ಗವರ್ನರ್‌ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ. ಹೀಗೆಂದರೆ ಈಗಲೂ ನಮ್ಮ ಧಾರವಾಡದ ನೆಂಟರು ಮೂಗಿನ ಮೇಲೆ ಬೆರಳಿಡುತ್ತಾರೆ. ಏನು ಮಾಡುವುದು, ಎಂಬತ್ತರ ದಶಕದ ನಡುವೆ ನಮ್ಮ ಪರಿಸ್ಥಿತಿಯೇ ಹಾಗಿತ್ತು. ಅಪ್ಪ ನೌಕಾಪಡೆಯಲ್ಲಿದ್ದರು, ನಾವು ವಿಶಾಖಪಟ್ಟಣದಲ್ಲಿದ್ದೆವು. ಹುಡುಗ ಗದಗಿನ ಕಡೆಯವನು, ವಿಜಯವಾಡದ ಹತ್ತಿರ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಅವನ ಜೊತೆಗೇ ಇದ್ದ ತಾಯಿಗೆ ಮೊಣಕಾಲು ನೋವು, ನಮ್ಮಲ್ಲಿಯವರೆಗೆ ರೈಲಿನಲ್ಲಿ ಬರಲಾರರು. ಹೆಣ್ಣಿನವರು ತಾವಾಗಿ ಗಂಡಿನ ಮನೆಯ ಹೊಸ್ತಿಲು ತುಳಿಯಬಾರದೆಂದು ನಮ್ಮವ್ವನ ಹಟ. ಕೊನೆಗೆ ಅಪ್ಪನೇ, ಯಾರ ಮನೆಯೂ ಅಲ್ಲದ ಹೋಟೆಲು ಆಗಬಹುದಲ್ಲ ಎಂದರು. ಅವ್ವ ಒಂದು ದಿನ ಯೋಚಿಸಿ, ಉಡುಪಿಯವರದ್ದಾದರೆ ಆಗಬಹುದು ಎಂದಳು.

ಹೋಟೆಲಿನ ಹಿಂದೆ ಫ್ಯಾಮಿಲಿ ರೂಮು, ಅದಕ್ಕೆ ಹತ್ತಿದಂತೆ ಪಕ್ಕದ ಓಣಿಗೆ ಮುಖ ಮಾಡಿದ ಜಗಲಿ. ಓಣಿಯಲ್ಲಿ ಲಾಟರಿ ಮಾರುವವನೊಬ್ಬ ಮೇಜು ಹಾಕಿಕೊಂಡು, ಹಗ್ಗಕ್ಕೆ ಟಿಕೆಟ್ ಸಿಕ್ಕಿಸಿ, ಸ್ಪೀಕರಿನಲ್ಲಿ ತೆಲುಗಿನಲ್ಲಿ ಕೂಗುತ್ತಿದ್ದ. ನಾನು ಹನ್ನೆರಡು ಮೊಳದ ರೇಷ್ಮೆ ಸೀರೆಯಲ್ಲಿ ಬೆವರುತ್ತ, ತಲೆ ತಗ್ಗಿಸಿ ಕೂತಿದ್ದೆ. ತಲೆ ತಗ್ಗಿಸುವುದು ನನಗೆ ಬಾರದ ವಿದ್ಯೆ. ಆದರೆ ಅವ್ವ ರೈಲಿನಲ್ಲಿ ಬರುವಾಗ ಏಲೂರಿನವರೆಗೂ ಅದನ್ನೇ ಪಾಠ ಮಾಡಿದ್ದಳು. "ಕೇಳಿದ್ದಕ್ಕಷ್ಟ ಹೇಳು. ವಾದ ಮಾಡಬ್ಯಾಡ ನಮ್ಮವ್ವಾ, ನಿನಗ ಕೈಮುಗೀತೀನಿ."

ಹುಡುಗನ ತಾಯಿ ಹಾಡು ಬರುತ್ತದೆಯೇ ಎಂದರು. ಇಲ್ಲ ಎಂದೆ. ಕಸೂತಿ? ಇಲ್ಲ. ಮತ್ತೇನು ಬರುತ್ತದೆ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ, ಮುಖದಲ್ಲಿ ಕೇಳಿದರು. ಅಪ್ಪ ಗಡಿಬಿಡಿಯಲ್ಲಿ, "ಎಂ.ಎಸ್ಸಿ. ಮಾಡ್ಯಾಳ್ರಿ, ಸಂಖ್ಯಾಶಾಸ್ತ್ರ. ಬಂದರಿನ ಆಫೀಸಿನಾಗ ನೌಕರಿ. ಹಡಗಿನ ಸರಕಿನ ತೂಕ ಎಲ್ಲಾ ಇಕಿನ ಕೂಡಸ್ತಾಳ" ಎಂದರು.

ಅಲ್ಲಿಯವರೆಗೆ ಮೈಸೂರು ಬೋಂಡಾದ ಕಡೆ ನೋಡುತ್ತಿದ್ದ ಹುಡುಗ ತಟ್ಟನೆ ನನ್ನ ಕಡೆ ತಿರುಗಿದ. "ಒಂದು ಮಾತು ಕೇಳ್ಲೇನ್ರಿ? ಆ ತೂಕದಾಗ ಒಂದರಿಂದ ಶುರುವಾಗೋ ಸಂಖ್ಯೆನ ಭಾಳ ಇರ್ತಾವಲ್ಲ?"

ಹೌದು, ಇರುತ್ತಿದ್ದವು. ಅದಿರಿನ ತೂಕವಿರಲಿ, ಗೊಬ್ಬರದ್ದಿರಲಿ, ಮೊದಲ ಅಂಕಿ ಒಂದು ಇರುವಂಥವೇ ಮೂರರಲ್ಲಿ ಒಂದು ಪಾಲು. ಎಂಟು, ಒಂಬತ್ತರಿಂದ ಶುರುವಾಗುವವು ಅಪರೂಪ. ಕಾಲೇಜಿನಲ್ಲಿ ಲಾಗರಿದಮ್ ಪುಸ್ತಕದ ಮೊದಲ ಪುಟಗಳೇ ಯಾಕೆ ಕೊಳೆಯಾಗಿರುತ್ತವೆ ಎಂದು ಮೇಷ್ಟ್ರು ಕೇಳಿದ್ದರು. ಒಂದರಿಂದ ಶುರುವಾಗುವ ಸಂಖ್ಯೆಗಳನ್ನೇ ಲೋಕ ಹೆಚ್ಚು ಹುಡುಕುತ್ತದೆ, ಅದಕ್ಕೆ. ಬಂದರಿನಲ್ಲಿ ನಾನು ಈ ಸಂಗತಿ ಹೇಳಿದಾಗ ಒಬ್ಬನೂ ಟೀ ಲೋಟದಿಂದ ತಲೆ ಎತ್ತಿರಲಿಲ್ಲ. ಇಲ್ಲಿ ಒಬ್ಬ ತಾನಾಗಿ ಕೇಳುತ್ತಿದ್ದಾನೆ, ಅದೂ ಹೆಣ್ಣು ನೋಡಲು ಬಂದವನು.

"ಹೌದಂಡಿ" ಎಂದುಬಿಟ್ಟೆ. ಕನ್ನಡ ಮರೆತು ತೆಲುಗಿನ ‘ಅಂಡಿ’ ಬಾಯಿಗೆ ಬಂದಿತ್ತು, ತಲೆ ತಗ್ಗಿಸುವುದೂ ಮರೆತಿತ್ತು. "ನಿಮಗ ಹೆಂಗ ಗೊತ್ತು?"

"ನಮ್ಮಲ್ಲಿ ಕಲ್ಲಿದ್ದಲು ಬರ್ತದಲ್ಲ, ಅದರ ತೂಕನೂ ಹಂಗ. ಮೊದಲು ತಕ್ಕಡಿನ ಕೆಟ್ಟದ ಅಂದ್ಕೊಂಡಿದ್ದೆ. ಆಮ್ಯಾಲೆ ಒಂದು ಪತ್ರಿಕೆಯೊಳಗ ಓದಿದೆ, ಇದಕ್ಕೊಂದು ನಿಯಮನ ಅದ ಅಂತ."

ನಾನು ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ಎಣ್ಣೆ ಹಚ್ಚಿ ಬಾಚಿದ ಕೂದಲು, ದಪ್ಪ ಕನ್ನಡಕ, ಕಿವಿ ಸ್ವಲ್ಪ ದೊಡ್ಡವು. ಎಷ್ಟು ಚೆಂದ ಕಂಡ ಎಂದರೆ, ಬೋಂಡಾದ ತಟ್ಟೆಯನ್ನು ನಾನೇ ಅವನ ಕಡೆ ಸರಿಸಿದೆ. ಅವ್ವ ಕೆಮ್ಮಿದಳು.

ಅಷ್ಟಕ್ಕೇ ಅವನು ಸುಮ್ಮನಾಗಿದ್ದರೆ ನಾನು ಅಂದೇ ಹೂಂ ಅಂದಿರುತ್ತಿದ್ದೆ. ಸುಮ್ಮನಿರಬೇಕಲ್ಲ! "ಲಾಟರಿಯೊಳಗೂ ಹಂಗರೀ" ಎಂದ. "ನಾಕು ವಾರದಿಂದ ನೋಡಾಕ ಹತ್ತೀನಿ. ಮೂರು ವಾರ ಮೊದಲ ಬಹುಮಾನ ಒಂದರಿಂದನ ಶುರುವಾಗಿತ್ತು. ಅದಕ್ಕ ನಾ ಈಗ ಒಂದರಿಂದ ಶುರುವಾಗೋ ಟಿಕೆಟ್ಟನ್ನ ತಗೋತೀನಿ."

ಮೈಯೆಲ್ಲ ಉರಿಯಿತು. ಅರ್ಧ ತಿಳಿದವರನ್ನು ಕಂಡರೆ ನನಗೆ ಆಗುವುದಿಲ್ಲ. ಏನೂ ತಿಳಿಯದವರನ್ನಾದರೂ ಸಹಿಸುತ್ತೇನೆ. "ಇಲ್ಲ, ಅದು ತಪ್ಪು" ಎಂದೆ.

ಹುಡುಗನ ತಾಯಿ ಕಾಫಿ ಲೋಟ ಕೆಳಗಿಟ್ಟರು. ನಾನು ನಿಲ್ಲಿಸಲಿಲ್ಲ. "ತೂಕ ಅನ್ನೋದು ಬೆಳೀತದ. ನೂರು ಟನ್ ಇನ್ನೂರು ಆಗಬೇಕಂದ್ರ ಎರಡರಷ್ಟು ಬೆಳೀಬೇಕು, ಅಲ್ಲೀತನಕ ಮೊದಲ ಅಂಕಿ ಒಂದನ. ಒಂಬೈನೂರು ಇದ್ದದ್ದು ಸಾವಿರ ಆಗಾಕ ಎಷ್ಟು ಹೊತ್ತು ಬೇಕು? ಅದಕ್ಕ ಒಂದು ಹೆಚ್ಚು, ಒಂಬತ್ತು ಕಡಿಮಿ. ಲಾಟರಿ ನಂಬರು ಬೆಳೀತದೇನು? ಅದು ತೂಕಲ್ಲ, ಅಳತಿಯಲ್ಲ. ಅದು ಬರೇ ಹೆಸರು. ಅಲ್ಲಿ ಒಂದೊಂದು ಅಂಕಿಗೆ ಒಂದೊಂದು ಚಕ್ರ ತಿರುಗಸ್ತಾರ, ಸೊನ್ನೆಯಿಂದ ಒಂಬತ್ತರತನಕ ಎಲ್ಲಾಕ್ಕೂ ಒಂದ ಹಕ್ಕು. ನಾಕು ವಾರ ನೋಡಿ ನಿಯಮ ಕಟ್ಟಾಕ ಹೊಂಟೀರಲ್ಲ, ಎಂಜಿನಿಯರ್ ಆಗಿ."

"ಹುಡುಗಿ ಬಾಯಿ ಜೋರದ" ಎಂದರು ಹುಡುಗನ ತಾಯಿ. ನನಗೆ ಹೇಳಿದ್ದಲ್ಲ, ಗೋಡೆಗೆ. ಅವ್ವನ ಮುಖ ಬಿಳಿಚಿಕೊಂಡಿತು. ಅಪ್ಪ ಮಾತ್ರ ಮೀಸೆಯೊಳಗೇ ನಗುತ್ತ, "ಜಗಳಾಡೋದಿದ್ರ ಹೊರಗ ಜಗಲಿ ಮ್ಯಾಲ ಆಡ್ರಿ. ನಾವು ಕಾಫಿ ಕುಡೀತೀವಿ" ಎಂದರು.

ಜಗಲಿಯ ಮೇಲೆ ಲಾಟರಿಯವನ ಸ್ಪೀಕರಿನ ಗದ್ದಲದಲ್ಲಿ ನಾವು ಕೂಗಿಕೊಂಡೇ ಮಾತಾಡಬೇಕಾಯಿತು. ಅವನಿಗೆ ಸಿಟ್ಟು ಬಂದಿರಲಿಲ್ಲ, ಮಜಾ ಬಂದಿತ್ತು. ಅದು ನನ್ನ ಸಿಟ್ಟನ್ನು ಇನ್ನೂ ಏರಿಸಿತು.

"ಹಂಗಾದ್ರ ಒಂದು ಪಂಥ" ಎಂದ. "ಬುಧವಾರದ ಡ್ರಾ ನೋಡೋಣು. ನನ್ನ ನಿಯಮದ ಪ್ರಕಾರ ಒಂದು, ಎರಡು, ಮೂರರಿಂದ ಶುರುವಾಗೋದು ನೂರಕ್ಕ ಅರವತ್ತು. ಆ ಮೂರರೊಳಗ ಯಾವುದಾರ ಬಂದ್ರ ನಾ ಗೆದ್ದೆ."

"ಗೆದ್ರ ಏನು?"

ಅವನ ಕಿವಿ ಕೆಂಪಾದವು. "ಗೆದ್ರ ನೀವು ಹೂಂ ಅನ್ನಬೇಕು."

"ಆಗಲಿ" ಎಂದೆ, ಎದೆ ಸೆಟೆಸಿ. "ಬರಲಿಲ್ಲಾಂದ್ರ ನಾ ಒಲ್ಲೆ ಅಂತೀನಿ. ನೀವೂ ಮತ್ತ ಕೇಳಂಗಿಲ್ಲ."

ಗೆಲುವು ನನ್ನದೇ ಎಂಬ ಗರ್ವದಲ್ಲಿ ರೈಲು ಹತ್ತಿದೆ. ಅವ್ವ ಮಾತು ಬಿಟ್ಟಿದ್ದಳು. ರಾಜಮಂಡ್ರಿಯ ಸೇತುವೆ ಬಂತು, ಕಿಟಕಿಯಾಚೆ ಗೋದಾವರಿ ಮೈಚಾಚಿ ಹರಿಯುತ್ತಿತ್ತು, ಜನ ಕೈಮುಗಿದು ಕಾಸು ಎಸೆಯುತ್ತಿದ್ದರು. ಆಗ ನನ್ನ ತಲೆಗೆ ಹೊಳೆಯಿತು. ನನ್ನ ಲೆಕ್ಕ ಸರಿಯಿದ್ದರೆ ಹತ್ತು ಅಂಕಿಗಳಲ್ಲಿ ಮೂರು ಮಾತ್ರ ಅವನ ಕಡೆ. ಹತ್ತರಲ್ಲಿ ಏಳು ಪಾಲು ಈ ಮದುವೆ ಮುರಿದಂತೆಯೇ. ವಾದ ಗೆಲ್ಲುವ ಹುರುಪಿನಲ್ಲಿ, ಗೆದ್ದರೆ ಹುಡುಗ ಕೈಬಿಟ್ಟುಹೋಗುತ್ತಾನೆ ಎನ್ನುವುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಂ.ಎಸ್ಸಿ.ಯಂತೆ, ಚಿನ್ನದ ಪದಕವಂತೆ, ಮಣ್ಣಂತೆ!

ಅವ್ವನ ಚೀಲದಿಂದ ನಾಲ್ಕಾಣೆ ತೆಗೆದು ಕಿಟಕಿಯಿಂದ ಎಸೆದೆ. ಏನು ಬೇಡಿಕೊಂಡೆ ಎಂದು ಹೇಳಲು ಇಂದಿಗೂ ನಾಚಿಕೆ. ನನ್ನ ಶಾಸ್ತ್ರ ಸುಳ್ಳಾಗಲಿ ಎಂದು ಬೇಡಿಕೊಂಡೆ.

ಆ ವಾರ ನಾನು ನೆಲದ ಮೇಲಿರಲಿಲ್ಲ. ಬಂದರಿನಲ್ಲಿ ಯಾವ ಹಡಗಿನ ತೂಕ ನೋಡಿದರೂ ಒಂದು, ಎರಡು, ಒಂದು, ಮೂರು, ಒಂದು. ನೋಡಿ ಒಬ್ಬಳೇ ನಗುವುದು. ಆಮೇಲೆ, ಇವೆಲ್ಲ ತೂಕ ಕಣೇ, ಹೆಸರಲ್ಲ ಎಂದು ನೆನಪಾಗಿ ಪುಸ್ತಕ ಮುಚ್ಚುವುದು. ಮಧ್ಯಾಹ್ನ ಡಬ್ಬಿ ತೆರೆದರೆ ಅನ್ನ ಇಳಿಯದು. ಸಂಜೆ ಮನೆಗೆ ಬಂದರೆ ಕಾರಣವಿಲ್ಲದೆ ಗುನುಗುವುದು. ಹಾಡು ಬಾರದವಳು ಗುನುಗಿದರೆ ಮನೆಯವರ ಗತಿ ಏನಾಗಬೇಕು.

"ನಿನಗೇನ ಅನಿಸ್ತದ ಅದಾರ ಹೇಳು" ಎಂದು ಅವ್ವ ಕೊನೆಗೆ ಮೌನ ಮುರಿದಳು. "ಅವರಿಂದ ಇನ್ನೂ ಸುದ್ದಿ ಇಲ್ಲ. ಹುಡುಗ ಚಲೋ ಇದ್ದ, ನೀನ ಕೆಡಿಸಿದಿ."

"ಗುರುವಾರ ಹೇಳ್ತೀನಿ" ಎಂದೆ. ಪೇಪರಿನಲ್ಲಿ ಡ್ರಾ ಬರುವುದು ಗುರುವಾರ. ಅವ್ವ ಅದನ್ನು ಗುರುಗಳ ವಾರವೆಂದು ತಿಳಿದು, ಮಗಳಿಗೆ ಈಗಲಾದರೂ ಭಕ್ತಿ ಬಂತೆಂದು ಕಣ್ಣೊರೆಸಿಕೊಂಡು, ತಾನೂ ಒಪ್ಪೊತ್ತು ಉಪವಾಸ ಹಿಡಿದಳು.

ಗುರುವಾರ ಪೇಪರಿನವನ ಸೈಕಲ್ ಗಂಟೆ ಕೇಳಿದ್ದೇ ತಡ, ಅಂಗಳಕ್ಕೆ ಓಡಿದೆ. ಒಳಪುಟದ ಮೂಲೆಯಲ್ಲಿ ಮೊದಲ ಬಹುಮಾನದ ಸಂಖ್ಯೆ. ಸೊನ್ನೆ, ಎರಡು, ಏಳು, ನಾಲ್ಕು, ಒಂದು, ಐದು.

ಸೊನ್ನೆ.

ಮೆಟ್ಟಿಲ ಮೇಲೆ ಕೂತೆ. ಕೂತವಳಿಗೆ ಇನ್ನೊಂದು ಹೊಳೆಯಿತು. ಮೊದಲ ಅಂಕಿಯ ನಿಯಮದಲ್ಲಿ ಸೊನ್ನೆಗೆ ಜಾಗವೇ ಇಲ್ಲ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ, ಅದನ್ನು ಬಿಟ್ಟು ಎಣಿಸಬೇಕು. ಹಾಗೆ ಎಣಿಸಿದರೆ ಇದು ಎರಡರಿಂದ ಶುರುವಾಗುವ ಸಂಖ್ಯೆ, ಅವನು ಗೆದ್ದ ಹಾಗೆ, ನಾನು ಹೂಂ ಅನ್ನಬಹುದು. ಆದರೆ ಹಾಗೆ ಎಣಿಸಬೇಕಾದರೆ ಲಾಟರಿಯದ್ದು ಹೆಸರಲ್ಲ, ಸಂಖ್ಯೆ ಎಂದು ಒಪ್ಪಬೇಕು. ಹೆಸರು ಎಂದು ಹೋಟೆಲಿನಲ್ಲಿ ಗಂಟಲು ಹರಿದುಕೊಂಡವಳು ನಾನು. ಹೆಸರಿನಲ್ಲಿ ಸೊನ್ನೆಯೂ ಒಂದು ಅಕ್ಷರವೇ. ಅದನ್ನು ಬಿಡುವ ಹಾಗಿಲ್ಲ.

ಅವ್ವ ಉಪವಾಸದ ಹೊಟ್ಟೆಯಲ್ಲೇ ಬಂದು, "ಏನಂತೀ?" ಎಂದಳು. "ಇನ್ನೂ ಲೆಕ್ಕ ಮುಗಿದಿಲ್ಲವ್ವಾ" ಎಂದು ಒಳಗೆ ಹೋಗಿ ಅತ್ತೆ. ಶುದ್ಧ ಹುಚ್ಚಿಯ ಹಾಗೆ, ಒಂದು ಸೊನ್ನೆಗಾಗಿ ಅತ್ತೆ. ಅವನು ಬೇಕಾಗಿತ್ತು ನನಗೆ.

ಮರುದಿನ ಬೆಳಿಗ್ಗೆ ಅಪ್ಪ ಹಲ್ಲುಜ್ಜುತ್ತಿದ್ದಾಗ ಗೇಟಿನ ಸದ್ದಾಯಿತು. ನೋಡಿದರೆ ಅವನು. ಅಂಗಿ ಮುದುರಿತ್ತು, ಕೂದಲಲ್ಲಿ ಎಣ್ಣೆಯಿರಲಿಲ್ಲ, ಕಂಕುಳಲ್ಲಿ ಪೇಪರು. ಅಪ್ಪ ಬಾಯಿ ಮುಕ್ಕಳಿಸಿ ಒಳಗೆ ಕರೆದರು. ಅವನು ಕೂರಲಿಲ್ಲ. ನನ್ನ ಕಡೆ ನೋಡಿ, "ಸೊನ್ನೆ ಬಂತು" ಎಂದ. "ನೀವು ಹೇಳಿದ್ದ ಖರೆ. ನಾ ಭಾಳ ವಿಚಾರ ಮಾಡಿದೆ. ತೂಕದಾಗ ಎಡಗಡೆ ಸೊನ್ನೆ ಬರೂದನ ಇಲ್ಲ, ಲಾಟರಿಯೊಳಗ ಬರ್ತದ. ಅಂದ್ರ ಅದು ಹೆಸರನ. ನಾ ಸೋತೆ."

"ಇದನ್ನ ಹೇಳಾಕ ವಿಜಯವಾಡದಿಂದ ಬಂದೇನ ತಮ್ಮಾ?" ಎಂದರು ಅಪ್ಪ.

"ಹೌದ್ರಿ. ಸೀಟು ಸಿಗಲಿಲ್ಲ, ಬಾಗಲದಾಗ ನಿಂತ ಬಂದೆ. ಇವರು ಖರೆ ಇದ್ರು. ಕಾಗದ ಬರೆದು ಹೇಳೋದು ಸರಿ ಅನಸಲಿಲ್ಲ. ಹೇಳಿದೆ, ಇನ್ನ ಬರ್ತೀನಿ."

ಸೋತರೆ ನಾನು ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ರಾತ್ರಿಯಿಡೀ ನಿಂತು ಬಂದು, ನೀನೇ ಸರಿ ಎಂದ. ಅಲ್ಲಿಯವರೆಗೆ ಒಬ್ಬ ಗಂಡಸೂ ನನಗೆ ಆ ಮಾತು ಹೇಳಿರಲಿಲ್ಲ, ಅಪ್ಪನನ್ನೂ ಹಿಡಿದು. ಅವನು ಗೇಟಿನತ್ತ ತಿರುಗಿದ್ದನ್ನು ಕಂಡು ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ನಿಂದರ್ರಿ. ಎಡಗಡೆ ಸೊನ್ನಿಗೆ ಬೆಲೆ ಇಲ್ಲ ಅಂತ ಮೂರನೇ ಇಯತ್ತೆ ಹುಡುಗರಿಗೂ ಗೊತ್ತದ" ಎಂದೆ. "ಅದು ಎರಡರಿಂದ ಶುರು. ನೀವು ಗೆದ್ದೀರಿ."

"ಇಲ್ರಿ, ಅದು ಹೆಸರು. ನೀವ ಹೇಳಿದ್ರಿ."

"ನಾ ಏನ ಹೇಳಿದ್ರೂ ಕೇಳ್ತೀರೇನು? ಅದು ಸಂಖ್ಯೆ."

"ಹೆಂಗ ಸಂಖ್ಯೆ ಆಗ್ತದ್ರಿ, ಚಕ್ರ ತಿರುಗಿಸಿ ತಗದದ್ದು?"

"ಗೆದ್ದೀರಿ ಅಂದ್ರ ಗೆದ್ದೀರಿ" ಎಂದೆ. "ಹೂಂ ಅಂತೀನಿ, ಕೇಳಸ್ಲಿಲ್ಲೇನು? ಹೂಂ."

ಅವ್ವ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಒಂದೂ ಅರ್ಥವಾಗದೆ ಅಪ್ಪನನ್ನು ಕೇಳಿದಳು. "ಏನ್ರೀ ಇದು? ಯಾರು ಗೆದ್ರು?"

"ಇಬ್ರೂ ಸೋತಾರ" ಎಂದರು ಅಪ್ಪ. "ಒಳಗ ಹೋಗಿ ಸಕ್ಕರಿ ತಗೊಂಡ ಬಾ."