ಸಾಲಿ ತೆಗಿಸಿದ ವಿದ್ಯಾವತಿ ಅಕ್ಕೋರು

ಸಿಂದಗಿಯಿಂದ ದೇವಣಗಾಂವದ ಕಡೆಗೆ ಹೋಗುವ ಬೆಳಗಿನ ಬಸ್ಸಿನಿಂದ ವಿದ್ಯಾವತಿ ಇಳಿದರೆ ಊರಿನ ನಾಯಿಗಳೂ ತಲೆ ಎತ್ತಿ ನೋಡುತ್ತಿರಲಿಲ್ಲ. ಅಷ್ಟು ವರ್ಷದ ಬಳಕೆ. ಹುಟ್ಟಿದ್ದು ಮುದ್ದೇಬಿಹಾಳದ ಕಿರಾಣಿ ಅಂಗಡಿಯವರ ಮನೆಯಲ್ಲಿ. ಮೊದಲು ಕೆಲಸಕ್ಕೆ ಸೇರಿದ್ದು ಮುಳವಾಡದ ಹತ್ತಿರದ ಸಣ್ಣ ಶಾಲೆಯೊಂದರಲ್ಲಿ. ಸಿಂದಗಿಯ ಅನೀಲಕುಮಾರನನ್ನು ಮದುವೆಯಾದ ಮೇಲೆ ಭೀಮಾ ನದಿಯ ದಂಡೆಯ ಈ ಊರಿಗೆ ವರ್ಗ ಮಾಡಿಸಿಕೊಂಡಿದ್ದಳು. ಊರಿಗೆ ಅವಳು ‘ಅಕ್ಕೋರು’. ಯಾರ ಮನೆಯ ಕಟ್ಟೆಯ ಮೇಲಾದರೂ ಕೂತು, ಕೊಟ್ಟ ಚಹಾ ಕುಡಿದು, ಮಗು ಯಾಕೆ ಶಾಲೆಗೆ ಬಂದಿಲ್ಲವೆಂದು ಕೇಳುವವಳು. ಕೇಳಿದ ಮೇಲೆ ಉತ್ತರ ಸಿಗುವ ತನಕ ಏಳದವಳು.

ಲಾಕ್‌ಡೌನ್ ವರ್ಷದಲ್ಲಿ ಊರಿನ ಶಾಲೆ ಶಾಲೆಯಾಗಿ ಉಳಿಯಲಿಲ್ಲ. ಪುಣೆ, ಮುಂಬೈ ಕಡೆ ದುಡಿಯಲು ಹೋದವರು ಲಾರಿ ಹತ್ತಿ, ನಡೆದು, ಹೇಗೋ ಊರು ಮುಟ್ಟಿದಾಗ ಅವರನ್ನು ಮನೆಗೆ ಬಿಡದೆ ಶಾಲೆಯ ಕೋಣೆಗಳಲ್ಲಿ ಇರಿಸಿದರು. ಅವರಲ್ಲಿ ಗೌಂಡಿ ಕೆಲಸದ ಭೀಮುವೂ ಒಬ್ಬ. ಹೆಂಡತಿ ಎಂದೋ ತೀರಿಕೊಂಡಿದ್ದಳು. ಮಗಳು ಶಿವಾನಿಯನ್ನು ತಾಯಿ ಸೀತವ್ವನ ಬಳಿ ಬಿಟ್ಟು ಅವನು ಪುಣೆಯಲ್ಲಿ ಗೋಡೆ ಕಟ್ಟುತ್ತಿದ್ದ. ಅವನಿಗೆ ಏಳನೆಯ ತರಗತಿಯ ಕೋಣೆ ಸಿಕ್ಕಿತು. ವಿದ್ಯಾವತಿಗೆ ಗೇಟಿನಲ್ಲಿ ಡ್ಯೂಟಿ ಹಾಕಿದ್ದರು. ಸೀತವ್ವ ದಿನಾ ರೊಟ್ಟಿ ಕಟ್ಟಿಕೊಂಡು ಬಂದು ಗೇಟಿನಲ್ಲಿ ಕೊಡುವಳು. ಶಿವಾನಿ ಕಂಪೌಂಡಿನ ಆಚೆ ಕಲ್ಲಿನ ಮೇಲೆ ನಿಂತು ಕಿಟಕಿಯೊಳಗಿನ ಅಪ್ಪನ ಜೊತೆ ಕೂಗಿ ಮಾತನಾಡುವಳು. ಒಂದು ಮಧ್ಯಾಹ್ನ ಭೀಮು ಉಸಿರು ಸಿಗದೆ ಒದ್ದಾಡತೊಡಗಿದ. ವಿದ್ಯಾವತಿ ಫೋನಿನ ಮೇಲೆ ಫೋನು ಮಾಡಿದಳು. ಆಂಬುಲೆನ್ಸ್ ಬರುವಷ್ಟರಲ್ಲಿ ಅವನು ಕಿಟಕಿಯ ಕೆಳಗಿನ ಮೂಲೆಯಲ್ಲೇ ಕಣ್ಣು ಮುಚ್ಚಿದ್ದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ತಾಯಿಗೆ ಮುಖ ತೋರಿಸಲಿಲ್ಲ.

ಅದಾದ ಮೇಲೆ ಆ ಕೋಣೆಗೆ ಬೀಗ ಬಿತ್ತು. ಮಳೆಗಾಲದ ಕೊನೆಗೆ ಭೀಮೆ ಉಕ್ಕಿ ಬಂದು ಶಾಲೆಯ ಇನ್ನೆರಡು ಕೋಣೆಗಳ ಗೋಡೆಗಳು ಬಿರುಕು ಬಿಟ್ಟವು. ಹಳೆಯ ಹೆಡ್‌ಮಾಸ್ತರರು ನಿವೃತ್ತರಾಗಿ, ಆ ಜಾಗದ ಹೊಣೆ ವಿದ್ಯಾವತಿಯ ಹೆಗಲಿಗೆ ಬಂತು. ಮರುವರ್ಷ ಫೆಬ್ರವರಿಯಲ್ಲಿ ಆರರಿಂದ ಎಂಟರವರೆಗೆ ಶಾಲೆ ತೆರೆಯಬೇಕು, ಮಕ್ಕಳನ್ನು ದೂರ ದೂರ ಕೂರಿಸಬೇಕು ಎಂಬ ಆದೇಶ ಬಂದಾಗ ಅವಳ ಕೈಯಲ್ಲಿ ಗಟ್ಟಿ ಗೋಡೆಯ ಕೋಣೆಗಳೇ ಕಡಿಮೆ ಇದ್ದವು.

“ಆ ಖೋಲಿ ಒಂದ್ ಬಿಡ್ರಿ ಅಕ್ಕೋರ,” ಎಂದ ಶಾಲಾ ಸಮಿತಿಯ ಅಧ್ಯಕ್ಷ ಅಬ್ದುಲಗನಿ. “ಅದರ ಕೀಲಿ ತಗದ್ರ ಒಂದ್ ಹುಡುಗನೂ ಬರೂದಿಲ್ಲ.”

“ಅದನ್ನ ಬಿಟ್ರ ಎಲ್ಲಿ ಕುಂಡ್ರಸ್ಲಿ ಗನಿಸಾಬ್ರ? ಒಬ್ಬರ ಮ್ಯಾಲ ಒಬ್ಬರನ್ನ ಹೇರಿ ಕುಂಡ್ರಿಸಿದ್ರ ಸಾಲಿ ತೆಗ್ಯೂದರಾಗ ಅರ್ಥ ಏನೈತಿ?”

ಅಬ್ದುಲಗನಿ ತಲೆ ಕೆರೆದುಕೊಂಡ. ಆದರೂ ಮರುದಿನ ನಳ ಕೂರಿಸಲು ಪೈಪು ಹೊತ್ತು ಅವನೇ ಬಂದ. ಸುಣ್ಣ ಹೊಡೆಸಿದರು. ತುಕ್ಕು ಹಿಡಿದು ಕೂತಿದ್ದ ಕಿಟಕಿಗಳನ್ನು ಸುತ್ತಿಗೆಯಿಂದ ಬಡಿದು ತೆರೆದರು. ಅರ್ಧ ಮಕ್ಕಳು ಒಂದು ದಿನ, ಉಳಿದರ್ಧ ಮರುದಿನ ಎಂದು ಮಾಡಿದರು. ಏಳನೆಯ ತರಗತಿಯ ಕೋಣೆಯ ಬೀಗವನ್ನು ಮಾತ್ರ ವಿದ್ಯಾವತಿ ಒಬ್ಬಳೇ ತೆರೆದಳು. ಕರಿಹಲಗೆಯ ಮೇಲೆ ಹಿಂದಿನ ವರ್ಷ ಅವಳೇ ಬರೆದ ಭಿನ್ನರಾಶಿಯ ಲೆಕ್ಕ ಹಾಗೇ ಇತ್ತು. ಅರ್ಧಕ್ಕೆ ನಿಂತ ಆ ಲೆಕ್ಕವನ್ನು ನೋಡುತ್ತ ಭೀಮು ಅಷ್ಟು ದಿನ ಮಲಗಿದ್ದನಲ್ಲ ಎನಿಸಿ ಅವಳ ಕೈ ಒರೆಸಲು ಏಳಲಿಲ್ಲ. ಹೊರಗೆ ಬಂದು, ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಮತ್ತೆ ಒಳಗೆ ಹೋಗಿ ಒರೆಸಿದಳು. ಆಮೇಲೆ ತನ್ನ ಮೇಜು ಕುರ್ಚಿಯನ್ನು ಅಲ್ಲಿಗೇ ಎಳೆಸಿಕೊಂಡಳು. ಊರವರು ಹಾದುಹೋಗುವಾಗ ಕಾಣಲೆಂದು ಬಾಗಿಲು ತೆರೆದಿಟ್ಟು ದಿನಾ ಅಲ್ಲೇ ಕೂತಳು.

ಒಬ್ಬೊಬ್ಬರಾಗಿ ತಂದೆತಾಯಂದಿರು ಒಪ್ಪಿದರು. ಮೊಮ್ಮಗಳನ್ನು ಕಳಿಸಲು ಒಪ್ಪದೆ ಉಳಿದವಳು ಸೀತವ್ವ. ಹೊಲಗಳಿಗೆ ಹೊರಳುವ ದಾರಿಯ ಕೊನೆಯ ಮನೆ ಅವಳದು. ಒಂದೇ ಕೋಣೆ, ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕಕ್ಕೆ ಈಗ ಭೀಮುವಿನ ಫೋಟೋ.

“ಆ ಖೋಲ್ಯಾಗ ನನ್ನ ಮಗ ಸತ್ತಾನ. ಅಲ್ಲೇ ಒಯ್ದು ಇಕಿನ್ನೂ ಕುಂಡ್ರಸ್ತೀನಂತೀರಿ. ನಿಮ್ಮ ಬಾಯಾಗರೆ ಹೆಂಗ್ ಬರ್ತೈತಿ ಅಕ್ಕೋರ?”

“ಬ್ಯಾರೆ ಜಾಗಾ ಇದ್ರ ನಾ ಕೇಳ್ತಿದ್ದಿಲ್ರಿ ಆಯಿ. ಮನ್ಯಾಗ ಕುಂತ ಹುಡುಗ್ಯಾರಿಗೆ ಏನಾಗಾಕತ್ತೈತಿ ನೋಡೀರಲ್ಲ. ಇಕಿ ಜೋಡಿ ಓದಾಕಿ ಒಬ್ಬಾಕಿ ಲಗ್ನ ಆಗಿ ಹೋದ್ಳು. ಇನ್ನೊಬ್ಬಾಕಿ ಕಬ್ಬು ಕಡ್ಯಾಕ ಹೋಗ್ಯಾಳ.”

“ಇಕಿಗೆ ಏನರೆ ಆದ್ರ?”

“ನಾ ಇದ್ದೇನಲ್ರಿ. ಇಕಿ ನನ್ನ ಜವಾಬ್ದಾರಿ.”

“ಆತು. ನಿಮ್ಮ ಮಾತಿನ ಮ್ಯಾಲ ಕಳಸ್ತೇನಿ,” ಎಂದಳು ಸೀತವ್ವ.

ಮೊದಲ ದಿನ ಶಿವಾನಿ ಕೋಣೆಯ ಹೊಸ್ತಿಲಲ್ಲೇ ನಿಂತಳು. ಉಳಿದ ಮಕ್ಕಳು ಗೋಡೆಗೆ ತಾಗದಂತೆ ನಡುವಿನಲ್ಲೇ ಕೂತಿದ್ದರು.

“ಅಕ್ಕೋರ, ನಮ್ಮಪ್ಪ ಎಲ್ಲಿ ಮಲಗತಿದ್ದ?”

ವಿದ್ಯಾವತಿ ಕಿಟಕಿಯ ಕೆಳಗಿನ ಮೂಲೆಯನ್ನು ತೋರಿಸಿದಳು. ಹುಡುಗಿ ನೆಟ್ಟಗೆ ಹೋಗಿ ಅಲ್ಲೇ ಕೂತು, ಚೀಲದಿಂದ ಪಾಟಿ ಪುಸ್ತಕ ತೆಗೆದಳು.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಬಿಸಿಲೇರುವ ಮೊದಲು ಬೇವಿನ ಗಿಡದ ಕೆಳಗೆ ಪಾಠ, ಆಮೇಲೆ ಕೋಣೆಯಲ್ಲಿ. ಮಕ್ಕಳು ಅಕ್ಷರ ಮರೆತಿದ್ದರು, ಮಗ್ಗಿ ಮರೆತಿದ್ದರು, ಆದರೆ ಜಗಳವಾಡುವುದನ್ನು ಮರೆತಿರಲಿಲ್ಲ. ಆ ಗದ್ದಲ ಕೇಳಿದರೆ ಅವಳಿಗೆ ಜೀವ ಬಂದಂತಾಗುತ್ತಿತ್ತು. ಸಂಜೆ ಸಿಂದಗಿಯ ಮನೆಗೆ ಹೋದರೆ ಹಿತ್ತಲಿನ ಬಚ್ಚಲಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಕಾಲಿಡುವಳು. ಅತ್ತೆ ಸಿದ್ದಲಿಂಗವ್ವನಿಗೆ ಸಕ್ಕರೆ ಕಾಯಿಲೆ. ವಯಸ್ಸಾದವರಿಗೆ ಲಸಿಕೆ ಶುರುವಾದ ಕೂಡಲೇ ಅನೀಲಕುಮಾರ ತಾಯಿಯನ್ನು ಕರೆದೊಯ್ದು ಹಾಕಿಸಿದ. ಸೀತವ್ವನಿಗೂ ವಿದ್ಯಾವತಿ ಹೇಳಿದಳು. “ಸೂಜಿ ಚುಚ್ಚಿಸ್ಕೊಂಡವ್ರು ಸಾಯಾಕತ್ತಾರಂತ. ಇಕಿನ ದಡಾ ಮುಟ್ಟಸೂ ತನಕ ನಾ ಇರಬೇಕ್ರಿ ಅಕ್ಕೋರ,” ಎಂದು ಮುದುಕಿ ನಕ್ಕುಬಿಟ್ಟಳು. ಬಸ್ಸಿನ ಹೊತ್ತಾಗಿತ್ತು. ವಿದ್ಯಾವತಿ ಮತ್ತೊಮ್ಮೆ ಹೇಳಿದರಾಯಿತೆಂದು ಎದ್ದಳು.

ಅಷ್ಟರಲ್ಲಿ ಸೋಲಾಪುರದ ಕಡೆಯಿಂದ ಕೆಟ್ಟ ಸುದ್ದಿ ಬರತೊಡಗಿತು. ಊರಲ್ಲಿ ಎರಡು ದೊಡ್ಡ ಲಗ್ನಗಳಾದವು. ಹೊರಗಿನಿಂದ ಜೀಪು ತುಂಬಿ ಜನ ಬಂದರು. ಶಾಲೆಯಲ್ಲಿ ಕೆಮ್ಮಿದ ಮಗುವನ್ನು ವಿದ್ಯಾವತಿ ಅಂದೇ ಮನೆಗೆ ಕಳಿಸುತ್ತಿದ್ದಳು. ಏಪ್ರಿಲ್ಲಿನಲ್ಲಿ ಶಾಲೆ ಮುಚ್ಚುವ ಆದೇಶ ಬಂತು. ಆ ಹೊತ್ತಿಗೆ ಶಿವಾನಿಗೆ ಸಣ್ಣಗೆ ಜ್ವರ ಬಂದು ಹೋಗಿತ್ತು. ಅದೇ ವಾರ ವಿದ್ಯಾವತಿಯೂ ಹಾಸಿಗೆ ಹಿಡಿದಳು. ಮಹಡಿಯ ಕೋಣೆಯಲ್ಲಿ ಒಬ್ಬಳೇ ಮಲಗಿ, ಬಾಗಿಲಲ್ಲಿ ಇಟ್ಟುಹೋದ ತಟ್ಟೆಯ ಅನ್ನ ತಿಂದು ಚೇತರಿಸಿಕೊಂಡಳು. ಕೆಳಗೆ ಅತ್ತೆಗೆ ಎರಡು ದಿನ ಮೈ ಬಿಸಿಯಾಗಿ ಇಳಿಯಿತು.

ಸೀತವ್ವನ ಸುದ್ದಿಯನ್ನು ಅಬ್ದುಲಗನಿ ಫೋನಿನಲ್ಲಿ ಹೇಳಿದ. ಜ್ವರ ಏರಿದವಳನ್ನು ತನ್ನ ಟಂಟಂ ಆಟೋದಲ್ಲೇ ಮಲಗಿಸಿಕೊಂಡು ಸಿಂದಗಿಗೆ ಒಯ್ದಿದ್ದ. ಅಲ್ಲಿ ಹಾಸಿಗೆ ಇಲ್ಲವೆಂದು ವಿಜಯಪುರದ ದಾರಿ ಹಿಡಿದ. ಅಲ್ಲಿಯೂ ಪಡಸಾಲೆಯ ತುಂಬ ಜನ ಮಲಗಿದ್ದರು.

“ಗಾಡ್ಯಾಗಿಂದ ಇಳಸೂದರಾಗ ಹೋಗಿಬಿಟ್ಳ್ರಿ ಅಕ್ಕೋರ. ಹುಡುಗಿ ತೊಡಿ ಮ್ಯಾಲ ತೆಲಿ ಇಟ್ಕೊಂಡು ಬಂದಿದ್ಲು,” ಎಂದು ಹೇಳುತ್ತ ಅವನು ಅತ್ತ.

ಕಾಲಲ್ಲಿ ಬಲ ಬಂದ ದಿನ ವಿದ್ಯಾವತಿ ಗಂಡನ ಬೈಕಿನಲ್ಲಿ ಊರಿಗೆ ಹೋದಳು. ಸೀತವ್ವನ ಮಗಳು ರೇಣುಕಾ ಚಡಚಣದಿಂದ ಬಂದು ಮನೆಯ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಬಾಗಿಲಲ್ಲಿ ವಿದ್ಯಾವತಿಯನ್ನು ಕಂಡದ್ದೇ ಅವಳ ಕೈ ನಿಂತಿತು.

“ನೀವ ಏನ್ರಿ ಅಕ್ಕೋರು? ಜವಾಬ್ದಾರಿ ಅಂದಿದ್ರಂತಲ್ಲ ನಮ್ಮವ್ವಗ. ಬಂದೀರಿ? ತಗೋರಿ ಜವಾಬ್ದಾರಿ. ನನ್ನ ಅಣ್ಣನೂ ನಿಮ್ಮ ಸಾಲ್ಯಾಗ ಹೋದ. ಈಗ ನಮ್ಮವ್ವನೂ ಹೋದ್ಳು.”

ಅನೀಲಕುಮಾರ ಏನೋ ಹೇಳಲು ಬಾಯಿ ತೆರೆದ. ಊರ ಲಗ್ನಗಳಿದ್ದವು, ಸಂತೆಯಿತ್ತು, ಯಾರಿಂದ ಯಾರಿಗೆ ಬಂತೆಂದು ಹೇಳುವವರಾರು? ಅವನು ಹೇಳಬೇಕೆಂದಿದ್ದುದು ಸುಳ್ಳೇನಲ್ಲ. ವಿದ್ಯಾವತಿ ಕೈ ಸನ್ನೆಯಿಂದಲೇ ಗಂಡನನ್ನು ತಡೆದಳು. ರೇಣುಕಾ ಬೈದು ದಣಿಯುವ ತನಕ ಬಿಸಿಲಲ್ಲೇ ನಿಂತಳು.

ಶಿವಾನಿ ಒಲೆಯ ಬಳಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು. ಅತ್ತಿರಲಿಲ್ಲ. ಎದ್ದು ಬಾಗಿಲ ತನಕ ಬಂದಳು.

“ಅಕ್ಕೋರ, ಮದಲ ನನಗ ಜ್ವರ ಬಂದಿತ್ತು. ಆಮ್ಯಾಲ ಆಯಿಗೆ ಬಂತು. ಅಂದ್ರ ನಾ ತಂದೆನೇನ್ರಿ?”

ಇಷ್ಟು ವರ್ಷ ಮಕ್ಕಳ ಸಾವಿರ ಪ್ರಶ್ನೆಗಳಿಗೆ ಉತ್ತರ ಹೇಳಿದವಳು ವಿದ್ಯಾವತಿ. ಇಲ್ಲ ಎನ್ನುವುದು ಸುಲಭವಿತ್ತು. ಆದರೆ ಈ ಹುಡುಗಿ ಅದನ್ನು ನಂಬುವವಳಲ್ಲ. ಲೆಕ್ಕದಲ್ಲಿ ಚುರುಕಾದವಳು, ದಿನಗಳನ್ನು ಆಗಲೇ ಕೂಡಿಸಿ ಕಳೆದು ನೋಡಿದ್ದಾಳೆ.

“ಯಾರು ತಂದಾರಂತ ಯಾರಿಗೂ ಗೊತ್ತಾಗೂದಿಲ್ಲವ್ವ,” ಎಂದಳು. “ನಿನಗ ಬಂದ ವಾರನ ನನಗೂ ಜ್ವರ ಬಂದಿತ್ತು. ನಾ ದಿನಾ ಸಿಂದಗಿಂದ ಬಸ್ನ್ಯಾಗ ಬರಾಕಿ. ಸಾಲಿಯಿಂದ ಬಂದಿದ್ರ ನಾ ತಂದಿರ್ತೇನಿ. ಸಾಲಿ ತೆಗಿಸಿದಾಕಿ ನಾನು, ನಿಮ್ಮ ಆಯಿನ ಒಪ್ಪಿಸಿದಾಕಿ ನಾನು. ನೀ ಬಾ ಅಂದ್ರ ಬಂದಾಕಿ ಅಷ್ಟ.”

ಶಿವಾನಿ ಅವಳ ಮುಖವನ್ನೇ ನೋಡಿದಳು. ಒಳಗಿನಿಂದ ರೇಣುಕಾ ಕರೆದಳು. ಹುಡುಗಿ ತಿರುಗಿ ಹೋದಳು. ಆ ಸಂಜೆಯೇ ರೇಣುಕಾ ಅವಳನ್ನು ಕರೆದುಕೊಂಡು ಚಡಚಣಕ್ಕೆ ಹೊರಟಳು.

ಬೇಸಿಗೆ, ಮುಂಗಾರು ಕಳೆದು ಸೆಪ್ಟೆಂಬರಿನಲ್ಲಿ ಮತ್ತೆ ಶಾಲೆ ತೆರೆಯಬೇಕೆಂಬ ಆದೇಶ ಬಂತು. ಬೇರೆಯವರಿಗೆ ಹೊಣೆ ವಹಿಸಿ ರಜೆ ಹಾಕು ಎಂದ ಅನೀಲಕುಮಾರ. ಅವಳು ಹಾಕಲಿಲ್ಲ. ಮತ್ತೆ ಕಟ್ಟೆಯಿಂದ ಕಟ್ಟೆಗೆ ಹೋದಳು. ಈ ಸಲ ಮೊದಲು ಕೇಳುತ್ತಿದ್ದುದು ಮಕ್ಕಳನ್ನಲ್ಲ, ಮನೆಯ ಮುದುಕರನ್ನು. ಸೂಜಿ ಹಾಕಿಸಿಕೊಳ್ಳುತ್ತೇನೆಂದು ಅವರು ಒಪ್ಪುವ ತನಕ ಎಷ್ಟು ಬಸ್ಸು ಹೋದರೂ ಏಳಲಿಲ್ಲ. ಕೆಲವರು ಬಾಗಿಲು ಹಾಕಿಕೊಂಡರು. ಬಾಗಿಲ ಹೊರಗೇ ಕೂತಳು.

“ಕಳಸ್ತೀವ್ರಿ. ಏನೂ ಆಗೂದಿಲ್ಲ ಹೌದಿಲ್ರಿ?” ಎಂದು ತಂದೆತಾಯಂದಿರು ಕೇಳುವರು.

“ಗೊತ್ತಿಲ್ರಿ. ಕಿಡಕಿ ತಗದಿಡ್ತೇನಿ, ದೂರ ಕುಂಡ್ರಸ್ತೇನಿ, ಕೆಮ್ಮಿದವ್ರನ್ನ ಮನಿಗೆ ಕಳಸ್ತೇನಿ. ಏನೂ ಆಗೂದಿಲ್ಲಂತ ಮಾತ್ರ ಹೇಳಾಂಗಿಲ್ಲ.”

“ಹಿಂಗಂದ್ರ ಯಾರ್ ಕಳಸ್ತಾರ ಅಕ್ಕೋರ?” ಎಂದು ಅಬ್ದುಲಗನಿ ದಾರಿಯಲ್ಲಿ ಗೊಣಗಿದ. “ಒಂದ್ ಧೈರ್ಯದ ಮಾತರೆ ಆಡ್ರಿ.”

“ಆಡಿದ್ದೆನಲ್ರಿ ಒಮ್ಮೆ,” ಎಂದಳು ವಿದ್ಯಾವತಿ.

ಮಕ್ಕಳು ಮೊದಲಿನಷ್ಟು ಬರಲಿಲ್ಲ. ಬಂದವರಿಗೆ ಪಾಠ ನಡೆಯಿತು. ಆ ವರ್ಷ ಶಾಲೆಗೆ ಬಂದ ಮಕ್ಕಳ ಮನೆಗಳಲ್ಲಿ ಯಾರೂ ಸಾಯಲಿಲ್ಲ. ಅದು ತನ್ನಿಂದಲೇ ಆಯಿತೆಂದು ಅವಳು ಎಂದೂ ಅಂದುಕೊಳ್ಳಲಿಲ್ಲ. ಯಾರಾದರೂ ಹಾಗೆಂದರೆ ಮಾತು ತಿರುಗಿಸುತ್ತಿದ್ದಳು.

ಶಿವಾನಿ ಚಡಚಣದಲ್ಲಿ ಶಾಲೆಗೆ ಸೇರಿರಲಿಲ್ಲ. ರೇಣುಕಾಳ ಜೊತೆ ದ್ರಾಕ್ಷಿ ತೋಟದ ಕೆಲಸಕ್ಕೆ ಹೋಗುತ್ತಾಳೆಂದು ತಿಳಿದ ಮೇಲೆ ವಿದ್ಯಾವತಿ ಭಾನುವಾರಗಳಂದು ಆ ಕಡೆಯ ಬಸ್ಸು ಹತ್ತತೊಡಗಿದಳು. ಮೊದಲ ಸಲ ರೇಣುಕಾ ನೀರೂ ಕೊಡಲಿಲ್ಲ. ಮುಂದೊಮ್ಮೆ ಚಹಾ ಕೊಟ್ಟಳು. ಕೊನೆಗೆ ಒಂದು ದಿನ ಅವಳೇ ಹೇಳಿದಳು: “ನಾ ಬ್ಯಾಡಂದಿಲ್ರಿ ಅಕ್ಕೋರ. ಅಕಿನೇ ಒಲ್ಲೆ ಅಂತಾಳ. ನನ್ನ ಸಣ್ಣ ಕೂಸಿನ್ನ ಸೈತ ಎತ್ಕೊಳ್ಳಾಂಗಿಲ್ಲ. ಸಾಲಿಗೆ ಹೋದ್ರ ಮತ್ತ ಮನಿಗೆ ತರ್ತೇನಿ ಅಂತಾಳ.”

ವಿದ್ಯಾವತಿ ಆ ಮಾತು ಕೇಳಿದ ದಿನ ಶಾಲೆಯ ಸುದ್ದಿಯನ್ನೇ ಎತ್ತಲಿಲ್ಲ. ಅಂಗಳದಲ್ಲಿ ಕೂತು ಶಿವಾನಿಗೆ ಲೆಕ್ಕ ಹೇಳಿಕೊಟ್ಟು ಬಂದಳು. ಮುಂದೆಯೂ ಹಾಗೆಯೇ ಮಾಡಿದಳು.

ಮರುವರ್ಷ ಜೂನಿನಲ್ಲಿ ಶಿವಾನಿ ಚಡಚಣದ ಶಾಲೆಯಲ್ಲಿ ಎಂಟನೆಯ ತರಗತಿಗೆ ಸೇರಿದಳು. ಓದಿನಲ್ಲಿ ಮುಂದಿದ್ದಳು. ಆದರೆ ಯಾರಾದರೂ ಸೀನಿದರೆ ಸಾಕು, ಎದ್ದು ಹೊರಗೆ ಹೋಗಿಬಿಡುತ್ತಾಳೆ, ಪಕ್ಕಕ್ಕೆ ಯಾರನ್ನೂ ಕೂರಗೊಡುವುದಿಲ್ಲ ಎಂದು ಅಲ್ಲಿಯ ಶಿಕ್ಷಕಿ ಫೋನು ಮಾಡಿದಳು. ಆ ಭಾನುವಾರ ವಿದ್ಯಾವತಿ ಹೋದಾಗ ಹುಡುಗಿ ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬಳೇ ಇದ್ದಳು. ಊರೂರಿನಲ್ಲಿ ಜನ ಮೊದಲಿನಂತೆ ಮೈಗೆ ಮೈ ತಾಗಿಸಿಕೊಂಡು ಸಂತೆ ಮಾಡುತ್ತಿದ್ದ ಕಾಲ ಅದು. ವಿದ್ಯಾವತಿ ಬಂದು ಪಕ್ಕದಲ್ಲಿ ಕೂರಲು ಹೋದಳು.

“ದೂರ ಕುಂಡ್ರಿ ಅಕ್ಕೋರ,” ಎಂದಳು ಶಿವಾನಿ ಮೆತ್ತಗೆ. “ನಿಮ್ಮ ಮನ್ಯಾಗ ಅಜ್ಜಿ ಅದಾರಲ್ರಿ.”

ವಿದ್ಯಾವತಿ ಸೆರಗು ಸರಿಮಾಡಿಕೊಂಡು ಕಟ್ಟೆಯ ಆ ತುದಿಗೆ ಹೋಗಿ ಕೂತಳು. ಬಸ್ಸು ಬರುವ ತನಕ ಇಬ್ಬರೂ ಅಷ್ಟು ದೂರದಿಂದಲೇ, ತುಸು ದನಿ ಎತ್ತರಿಸಿ, ಮಾತನಾಡುತ್ತಿದ್ದರು.