ಹಿಕ್ಕೆ ನೋಡಿ ಕಾಲ ಹೇಳುವ ಭೀಮಬಾಯಿ

ಭೀಮಬಾಯಿಯನ್ನು ನಾನು ಮೊದಲು ಕರೆಸಿದ್ದು ಹಿಕ್ಕೆ ತೆಗೆಯುವುದಕ್ಕೆ. ಬೇರೆ ಥರ ಬರೆದರೆ ಸುಳ್ಳಾಗುತ್ತದೆ.

ಇಂದಿರಾನಗರದ ನಮ್ಮ ಮನೆ, ಯಜಮಾನರು ವಿಮಾನಪುರದ ಕಾರ್ಖಾನೆಯಲ್ಲಿದ್ದಾಗ ಕಟ್ಟಿಸಿದ್ದು. ಅವರು ತೀರಿಕೊಂಡ ಮೇಲೆ ಕೆಳಮನೆಯನ್ನು ಕೆಂಪರಾಜ್ ಎಂಬವನ ಕಾಫಿ ಅಂಗಡಿಗೆ ಬಾಡಿಗೆಗೆ ಕೊಟ್ಟು ನಾನು ಮೇಲಿನ ಎರಡು ಕೋಣೆಗೆ ಹತ್ತಿದೆ. ಆಷಾಢದಲ್ಲಿ ಒಂದು ದಿನ ಬಿಸಿಲು ಬಂತೆಂದು ಬಟ್ಟೆ ಹರವಲು ತಾರಸಿಗೆ ಹೋದರೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಕೈಬೆರಳುದ್ದದ ಕಪ್ಪು ಹಿಕ್ಕೆ. ಒಂದೆರಡಲ್ಲ. ಹಳೆಯದರ ಮೇಲೆ ಹೊಸದು ಬಿದ್ದು ಗುಡ್ಡೆಯಾಗಿತ್ತು, ನೊಣ ಮುತ್ತಿತ್ತು. ಒದ್ದೆ ಬಟ್ಟೆಯ ಬಕೆಟ್ಟನ್ನು ಹಾಗೇ ಹಿಡಿದುಕೊಂಡು ಇಳಿದುಬಂದೆ. ಅವತ್ತು ಊಟ ಸೇರಲಿಲ್ಲ.

ಕೆಳಗೆ ಅಂಗಡಿಯ ನೆಲ, ಬಚ್ಚಲು ತೊಳೆಯಲು ಕೆ.ಆರ್. ಪುರದಿಂದ ಬರುತ್ತಿದ್ದವಳು ಭೀಮಬಾಯಿ. ಯಾದಗಿರಿ ಕಡೆಯವಳು. ಗಂಡ ಭಗವಂತರಾಯನಿಗೆ ಕೇಬಲ್ಲು ಹೂಳಲು ರಸ್ತೆ ಅಗೆಯುವ ಕೆಲಸ. ಅವಳೂ ಮದುವೆಯಾದ ವರ್ಷವೇ ಇಲ್ಲಿಗೆ ಬಂದು, ಬಿಲ್ಡಿಂಗುಗಳಿಗೆ ಕಾಂಕ್ರೀಟು ಹೊತ್ತು, ಮೊಣಕಾಲು ಸವೆದ ಮೇಲೆ ಪೊರಕೆ ಹಿಡಿದವಳು. ಕರೆದ ತಕ್ಷಣ ಮೇಲೆ ಬಂದಳು. ನಾನು ಸೆರಗನ್ನು ಮೂಗಿಗೆ ಒತ್ತಿ ಮೆಟ್ಟಿಲ ಬಾಗಿಲಲ್ಲೇ ನಿಂತೆ. ಅವಳು ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿ ತೆಗೆದುಕೊಂಡು, ಹಿಕ್ಕೆಯನ್ನು ನಿಧಾನವಾಗಿ ಬಿಡಿಸತೊಡಗಿದಳು.

"ಅಯ್ಯೋ, ಅದನ್ನ ಯಾಕೆ ಕೆದಕ್ತೀಯಾ? ಗುಡಿಸಿ ಬಿಸಾಕು!"

"ತಡೀರಿ ಅಮ್ಮಾರ. ಏನ್ ತಿಂದಾದ ನೋಡ್ತೀನಿ." ಕಡ್ಡಿಯ ತುದಿಯಲ್ಲಿ ಒಂದು ಬೀಜ ಎತ್ತಿ ತೋರಿಸಿದಳು. "ನಾಯಿ ಅಲ್ರಿ, ಬೆಕ್ಕೂ ಅಲ್ಲ. ಇದು ನೇರಳೆ ಬೀಜ. ಇದು ಯಾವ್ದೋ ಹುಳದ ರೆಕ್ಕಿ. ಮರ ಹತ್ತೋದು, ಹಣ್ಣು ತಿನ್ನೋದು. ಕೆಳಗ ಅಂಗಡಿ ಬಚ್ಚಲದಾಗ ನಾ ತೊಳೀತೀನಲ್ರಿ, ಅದರ ಮುಂದ ಇದು ಹೊಲಸೇ ಅಲ್ಲ ಬಿಡ್ರಿ."

ನನಗೆ ಆಗ ನೆನಪಾಯಿತು. ಹಿಂದೆಲ್ಲ ಪಕ್ಕದ ಮನೆಯ ತಮಿಳು ಅಜ್ಜಿ ಮರನಾಯಿ ಬಂತು, ಸಪೋಟ ತಿಂತು ಎಂದು ಬಯ್ಯುತ್ತಿದ್ದಳು. ಯಜಮಾನರು ಅದನ್ನು ಪುನುಗು ಬೆಕ್ಕು ಎನ್ನುತ್ತಿದ್ದರು. ಕಾರಿಲ್ಲದ ನಮ್ಮ ಕಾರ್ ಶೆಡ್ಡಿನ ಅಟ್ಟದಲ್ಲಿ, ಅವರ ಹಳೆಯ ಪೇಪರ್ ಕಟ್ಟುಗಳ ಹಿಂದೆ, ಅದು ಮನೆ ಮಾಡಿಕೊಂಡಿತ್ತು. ಕತ್ತಲಾದ ಮೇಲೆ ಹೊರಗೆ ಹೋಗಿ, ಬೆಳಕು ಹರಿಯುವ ಮುಂಚೆ ಕೇಬಲ್ಲಿನ ಮೇಲೆ ನಡೆದು, ತಾರಸಿಯ ಆ ಮೂಲೆಯಲ್ಲೇ ಕೂತು, ಆಮೇಲೆ ಒಳಗೆ ಸೇರುವುದು. ಭೀಮಬಾಯಿ ಅದಕ್ಕೆ ಇಟ್ಟ ಹೆಸರು ಕಳ್ಳಿ.

ವಾರಕ್ಕೊಂದು ಸಲ ತಾರಸಿ ಗುಡಿಸು ಎಂದರೆ ಅವಳು ದಿನಾ ಬರತೊಡಗಿದಳು. ಬೆಳಗ್ಗೆ ಮೊದಲ ಬಸ್ಸು ಹಿಡಿದು, ಅಂಗಡಿ ಬಾಗಿಲು ತೆಗೆಯುವ ಮುಂಚೆ ಮೇಲೆ ಹತ್ತುವಳು. ಬೀಜಗಳನ್ನು ನಲ್ಲಿಯ ಕೆಳಗೆ ತೊಳೆದು ಪ್ಯಾರಾಪೆಟ್ ಗೋಡೆಯ ಮೇಲೆ ಸಾಲಾಗಿ ಇಡುವಳು. ಅವಳಿಗೆ ಕ್ಯಾಲೆಂಡರ್ ಬೇಕಿರಲಿಲ್ಲ. ನೇರಳೆ ಬೀಜ ಮುಗಿದು ಬಗನಿ ಮರದ ಗುಂಡು ಬೀಜ ಬಂದರೆ ಗಣೇಶನ ಹಬ್ಬ ಹತ್ತಿರ. ಸಪೋಟದ ಹೊಳೆಯುವ ಬೀಜ ಬಂದರೆ ಚಳಿ ಹೊಕ್ಕಿತು. ದೀಪಾವಳಿಯ ಪಟಾಕಿಗೆ ಕಳ್ಳಿ ಹತ್ತು ದಿನ ಹಿಕ್ಕೆಯನ್ನೇ ಇಡುತ್ತಿರಲಿಲ್ಲ. ಅಟ್ಟದಿಂದ ಇಳಿಯದೆ ಉಪವಾಸ ಇರುತ್ತಿತ್ತು. ಆಮೇಲೆ ಬಂದದ್ದರಲ್ಲಿ ಬರೀ ಇಲಿ ಕೂದಲು. ಅದೊಂದೇ ಅಲ್ಲ, ಎದುರು ರಸ್ತೆಯ ಟವರಿನ ಮೇಲೆ ಹದ್ದು ಸಂಕ್ರಾಂತಿಯ ಹೊತ್ತಿಗೆ ಗೂಡು ಕಟ್ಟುವುದು, ಗೂಡಿಗೆ ವೈರು, ಮುಖಕ್ಕೆ ಕಟ್ಟುವ ಮಾಸ್ಕು, ಅಂಗಡಿಯ ಸ್ಟ್ರಾ ಹೊತ್ತೊಯ್ಯುವುದು, ಬಾವಲಿಗಳು ಬಾದಾಮಿ ಕಾಯಿ ಚೀಪಿ ನಮ್ಮ ಮೆಟ್ಟಿಲ ಮೇಲೆ ಉಗಿಯುವುದು, ಎಲ್ಲ ಅವಳ ಲೆಕ್ಕದಲ್ಲಿತ್ತು. ಐದೂವರೆಗೆ ಎದ್ದು ಅವಳ ಜೊತೆ ಟ್ಯಾಂಕಿನ ಹಿಂದೆ ಕೂತು ನಾನೂ ಕಳ್ಳಿಯನ್ನು ಕಂಡೆ. ಬೂದು ಮೈ, ಕರಿ ಮುಖ, ಮೈಯಷ್ಟೇ ಉದ್ದದ ಬಾಲ. ಅದು ದಾಟಿದ ಮೇಲೆ ಗಾಳಿಯಲ್ಲಿ ಆಗತಾನೇ ಬಸಿದ ಬಾಸುಮತಿ ಅನ್ನದ ವಾಸನೆ.

"ಆಕಿ ಮೈ ವಾಸನಿ ನೋಡ್ರಿ. ನಮ್ಮ ಮೈ ಮೂಸಿದ್ರ ಆಕಿ ಸೆರಗ ಮುಚ್ಕೊಂಡಾಳು," ಎಂದು ಭೀಮಬಾಯಿ ನಕ್ಕಿದ್ದಳು.

ಕೆಳಗೆ ಅವಳಿಗೆ ಕಾಫಿ ಕೊಡುತ್ತಿದ್ದದ್ದು ಪೇಪರ್ ಲೋಟದಲ್ಲಿ, ಹಿಂಬಾಗಿಲಲ್ಲಿ. ನಾನು ಮೇಲೆ ಏನು ಮಾಡುತ್ತಿದ್ದೆ? ಅವಳಿಗೆಂದು ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದೆ. ಕಿಟಕಿಯ ಹೊರಗಿನ ಕಟ್ಟೆಯಲ್ಲಿ ಕವುಚಿ ಇಡುತ್ತಿದ್ದೆ. ಹಿಕ್ಕೆ ಮುಟ್ಟುವ ಕೈ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳು ಹಿಕ್ಕೆ ಮುಟ್ಟದೆ ಹೋಗಿದ್ದರೂ ಲೋಟ ಅಲ್ಲೇ ಇರುತ್ತಿತ್ತು ಎಂಬುದು ನನಗೆ ಗೊತ್ತಿತ್ತು.

ನಾಲ್ಕು ವರ್ಷ ಹೀಗೆ ಕಳೆಯಿತು. ಹೋದ ಚಳಿಗಾಲ ಅವಳು ಅಂಗೈಯಲ್ಲಿ ನಾಲ್ಕು ಬೀಜ ಹಿಡಿದು ಬಂದಳು. "ಇದು ಯಾವ್ದು ತಿಳೀವಲ್ದು ಅಮ್ಮಾರ. ಒಂದು ಮಗ್ಗಲ ಚಪ್ಪಟಿ, ನಟ್ಟನಡುವ ಗೆರಿ."

ನನಗೆ ಕಂಡ ಕೂಡಲೇ ಗೊತ್ತಾಯಿತು. ಕಾಫಿ ಬೀಜ. ಹಿಂದಿನ ರಸ್ತೆಯ ಹಳೇ ಬಂಗಲೆಯಲ್ಲಿ ಯಾರೋ ಅಂದಕ್ಕೆಂದು ನಾಲ್ಕು ಕಾಫಿ ಗಿಡ ಹಾಕಿದ್ದರು, ಆ ವರ್ಷ ಹಣ್ಣು ಬಿಟ್ಟಿತ್ತು. ನನಗೆ ನಗು ತಡೆಯಲಾಗಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಕೆಳಗೆ ಹೋದಾಗ ಕೆಂಪರಾಜನಿಗೆ ಹೇಳಿಬಿಟ್ಟೆ. ನನ್ನ ಬಾಯಿಗೆ ಬೆಂಕಿ ಬೀಳಲಿ.

"ನಿಮ್ಮ ಅಂಗಡಿ ಕಾಫಿ ಬೇಡ ಅಂತ ಅದು ಬೇರೆ ಕಡೆ ಕುಡ್ಕೊಂಡು ಬರತ್ತೆ ಕಣಪ್ಪಾ."

ಅವನು ನಗಲಿಲ್ಲ. ಕೈಯಲ್ಲಿದ್ದ ಎಳ್ಳು ಬಾಯಿಗೆ ಹೋಗಲಿಲ್ಲ. "ಆಂಟಿ, ಸೀರಿಯಸ್ಸಾಗಿ? ಅದ್ರ ಹೊಟ್ಟೆಯಿಂದ ಬಂದಿರೋ ಬೀಜಕ್ಕೆ ಫಾರಿನ್‌ನಲ್ಲಿ ಏನ್ ರೇಟ್ ಗೊತ್ತಾ? ಪ್ರಪಂಚದಲ್ಲೇ ಕಾಸ್ಟ್ಲಿ ಕಾಫಿ ಅದು."

"ಹೇಲಿಂದ ತೆಗೆದಿದ್ದನ್ನ ಕುಡೀತಾರಾ?"

"ತೊಳೀತಾರೆ ಆಂಟಿ. ರೋಸ್ಟ್ ಮಾಡ್ತಾರೆ. ನೀವು ಸುಮ್ನೆ ಹಾಗೆಲ್ಲ ಹೇಳ್ಬೇಡಿ, ಕಸ್ಟಮರ್ಸ್ ಇದಾರೆ."

ಮಾರನೆಯ ದಿನವೇ ಭೀಮಬಾಯಿಗೆ ಹಿಕ್ಕೆ ಕೂಡಿಡಲು ಹೇಳಿದ. ಅವಳು ಎರಡು ವಾರ ಕೂಡಿಟ್ಟರೂ ಒಂದು ಹಿಡಿ ಬೀಜವಾಗಲಿಲ್ಲ. ಸಾಕು ಬಿಡು ಎಂದ. ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಶಿವರಾತ್ರಿಯ ಹಿಂದಿನ ವಾರ ಭೀಮಬಾಯಿ ತಾರಸಿಯಿಂದ ಇಳಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಪೊರಕೆ ಒಣಗಿದಂತೆಯೇ ಇತ್ತು.

"ಐದು ದಿನ ಆಯ್ತ್ರಿ, ಕಳ್ಳಿ ಕೂತಿಲ್ಲ. ಪಟಾಕಿ ಇಲ್ಲ, ಮಳಿ ಇಲ್ಲ. ಅಟ್ಟದಾಗ ಮರಿ ಅಳ್ಲಾಕ್ಹತ್ತ್ಯಾವ. ಎರಡು ಅದಾವ, ನಾ ಕೇಳೀನಿ."

"ಎಲ್ಲೋ ಬಸ್ಸಿಗೆ ಸಿಕ್ಕಿರಬೇಕು ಭೀಮಬಾಯಿ."

"ಇರ್ಬಹುದ್ರಿ," ಎಂದು ಇಳಿದು ಹೋದಳು. ಅರ್ಧ ಗಂಟೆಯಲ್ಲಿ ಮತ್ತೆ ಬಂದಾಗ ಮುಖ ಬಿಗಿದಿತ್ತು. "ಬರ್ರಿ ನನ್ ಜೋಡಿ."

ಅಂಗಡಿಯ ಹಿಂದೆ, ಪಾತ್ರೆ ತೊಳೆಯುವ ಜಾಗದ ಮೇಲೆ, ಒಂದು ತಟ್ಟೆಯಲ್ಲಿ ಬೀಜ ಒಣಗಲು ಹರಡಿದ್ದರು. ಅವಳು ಬೆರಳಿನಿಂದ ಸರಿಸಿ ತೋರಿಸಿದಳು. "ನೋಡ್ರಿ. ಎಲ್ಲಾ ಒಂದೇ ಬೀಜ. ಹಣ್ಣಿನ ನಾರಿಲ್ಲ, ಹುಳದ ರೆಕ್ಕಿ ಇಲ್ಲ, ಇಲಿ ಕೂದಲ ಇಲ್ಲ. ತಿರುಗಾಡೋ ಪ್ರಾಣಿ ಒಂದೇ ತಿಂದು ಬದುಕಂಗಿಲ್ರಿ. ಯಾರೋ ಕೂಡಿ ಹಾಕಿ ಇದನ್ನೇ ತಿನ್ನಸ್ಲಾಕ್ಹತ್ತ್ಯಾರ."

ಗ್ಯಾಸ್ ಸಿಲಿಂಡರುಗಳ ಹಿಂದೆ ಗೋಣಿಚೀಲ ಮುಚ್ಚಿದ ಪಂಜರ. ಗೋಣಿ ಎತ್ತಿದೆವು. ಬಾಗಿಲಿಗೆ ಬೀಗ. ಬಾಸುಮತಿಯ ವಾಸನೆ ಎಲ್ಲಿ ಬಂತು? ಕೊಳೆತ ಹುಳಿಯ ನಾತ. ಸ್ಟೀಲ್ ಬೇಸಿನ್ನಿನಲ್ಲಿ ಚಿಕ್ಕಮಗಳೂರಿಂದ ತರಿಸಿದ ಕೆಂಪು ಕಾಫಿ ಹಣ್ಣು, ಕೆಳಗೆ ಜಾಲರಿಯ ಮೇಲೆ ನೀರಾಗಿ ಹೋದ ಭೇದಿ. ಕಳ್ಳಿ ತನ್ನ ಬಾಲವನ್ನು ತಾನೇ ಕಚ್ಚಿ ಕೂದಲು ಕಿತ್ತುಕೊಂಡಿತ್ತು. ಬಾಲದ ತುದಿಯಲ್ಲಿ ಬರೀ ಚರ್ಮ. ನಾನು ಅಲ್ಲೇ ಸಿಂಕಿನಲ್ಲಿ ವಾಂತಿ ಮಾಡಿದೆ.

ಕೆಂಪರಾಜ್ ಒಳಗಿಂದ ಬಂದ. "ಏಯ್, ಯಾರು ಗೋಣಿ ತೆಗ್ದಿದ್ದು? ಭೀಮಬಾಯಿ, ಕೆಲ್ಸ ಬೇಕಾ ಬೇಡ್ವಾ ನಿಂಗೆ?"

"ಆಕಿಗಿ ಮರಿ ಅದಾವ್ರಿ ಸಾಹುಕಾರ್ರ. ಬಿಡ್ರಿ."

"ಶನಿವಾರ ಟೇಸ್ಟಿಂಗ್ ಇದೆ. ಅದಾದ್ಮೇಲೆ ನಾನೇ ಬಿಡ್ತೀನಿ. ಆಂಟಿ, ನೀವಾದ್ರೂ ಹೇಳಿ ಇವ್ಳಿಗೆ. ಇದಕ್ಕೇನೂ ಆಗಲ್ಲ. ಅಗ್ರಿಮೆಂಟ್ ಬೇರೆ ಮುಂದಿನ ತಿಂಗಳು ರಿನ್ಯೂ ಮಾಡ್ಬೇಕಲ್ಲಾ ನಾವು."

ಆ ಕೊನೆಯ ಮಾತಿಗೆ ನಾನು ಬಗ್ಗಿದೆ. "ಎರಡು ದಿನ ತಾನೇ ಭೀಮಬಾಯಿ, ಶನಿವಾರ ಬಿಡ್ತಾರಂತಲ್ಲ," ಎಂದೆ. ಅವಳು ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಸಿಟ್ಟಲ್ಲ ಅದು. ಹಿಕ್ಕೆ ಬಿಡಿಸಿ ನೋಡುವಾಗ ನೋಡುತ್ತಿದ್ದಳಲ್ಲ, ಒಳಗೆ ಏನಿದೆ ಎಂದು, ಹಾಗೆ. ನನ್ನ ಅಡುಗೆಮನೆಯಿಂದ ಒಂದು ಬಾಳೆಹಣ್ಣು ಕೇಳಿ ಇಸಿದುಕೊಂಡು, ಏಣಿ ಹಾಕಿ ಅಟ್ಟ ಹತ್ತಿದಳು. ಮರಿಗಳು ತಿನ್ನಲಿಲ್ಲ. ಎರಡು ದಿನವೂ ಹತ್ತಿಬಟ್ಟೆಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿದಳು.

ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ಕಾಫಿ ರುಚಿ ನೋಡಲು ಹನ್ನೆರಡು ಜನ ಬಂದರು. ಬಿಳಿ ಮೇಜುಬಟ್ಟೆ, ಬೊಂಬೆಯಾಟದ್ದಷ್ಟು ಚಿಕ್ಕ ಲೋಟಗಳು. ಮನೆ ಮಾಲೀಕರು ಎಂದು ನನ್ನನ್ನೂ ಕೂರಿಸಿದ್ದರು. ಒಬ್ಬಳು ಹೀರಿ ಕಣ್ಣು ಮುಚ್ಚಿ "ಮಣ್ಣಿನ ಟೇಸ್ಟಿದೆ," ಎಂದಳು. ಇನ್ನೊಬ್ಬ "ಇಲ್ಲ, ಚಾಕೊಲೇಟು," ಎಂದ. ಕೆಂಪರಾಜ್ ಕಾಡಿನಲ್ಲಿ ಸ್ವಚ್ಛಂದವಾಗಿ ತಿರುಗುವ ಪ್ರಾಣಿ, ಅದು ತಾನೇ ಆರಿಸಿ ತಿಂದ ಹಣ್ಣು ಎಂದೆಲ್ಲ ಹೇಳುತ್ತಿದ್ದ. ನನ್ನ ಮುಂದಿನ ಲೋಟವನ್ನು ನಾನು ಮುಟ್ಟಿರಲಿಲ್ಲ. ಎದ್ದು ಹೋಗುವ ಧೈರ್ಯವೂ ಇರಲಿಲ್ಲ.

ಆಗ ಹಿಂಬಾಗಿಲಿಂದ ಭೀಮಬಾಯಿ ಬಂದಳು. ಕೈಯಲ್ಲಿ ಪಂಜರದ ಕೆಳಗಿನ ತಟ್ಟೆ. ತೊಳೆಯದ್ದು. ಸೀದಾ ನಡೆದು ಬಿಳಿ ಬಟ್ಟೆಯ ನಡುವೆ ಇಟ್ಟಳು.

"ಇದ್ರಿ ನೀವು ಕುಡ್ಯಾಕ್ಹತ್ತಿದ್ದು. ಕಾಡಿಂದಲ್ಲ. ಮಾಡಿದಾಕಿ ಹಿಂದ ಸಿಲಿಂಡರ್ ಬಾಜೂಕ ಪಂಜರದಾಗ ಅದಾಳ. ಆಕಿ ಮರಿ ಉಪವಾಸ ಅದಾವ. ನೋಡೋದಿದ್ರ ಬರ್ರಿ."

ಮೊದಲು ಏನಾಯಿತು ಗೊತ್ತೇ? ಮೂರು ಜನ ಮೊಬೈಲ್ ತೆಗೆದು ಆ ತಟ್ಟೆಯ ಫೋಟೋ ಹಿಡಿದರು. ಒಬ್ಬ ಲೋಟವನ್ನು ತಟ್ಟೆಯ ಪಕ್ಕಕ್ಕೆ ಸರಿಸಿ, ಎರಡೂ ಕಾಣುವ ಹಾಗೆ ಹಿಡಿದ. ಭೇದಿಯ ನಾತ ಮೂಗಿಗೆ ಬಡಿಯುವ ತನಕ ಅವರಿಗೆ ಅದು ತಮಾಷೆ. ಬಡಿದ ಮೇಲೆ ಒಬ್ಬಳು ಬಾಯಿ ಮುಚ್ಚಿಕೊಂಡು ಓಡಿದಳು. ಮಣ್ಣಿನ ಟೇಸ್ಟಿನವಳು "ಇದನ್ನ ಇವ್ಳು ಬರೀಗೈಲಿ ಮುಟ್ಟಿದಾಳೆ, ಛೀ!" ಎಂದಳು. ಕುಡಿದದ್ದಕ್ಕೆ ಛೀ ಅಲ್ಲ, ಕೈಗೆ ಛೀ. ಕಿಟಕಿ ಕಟ್ಟೆಯ ಮೇಲೆ ನಾನಿಟ್ಟ ಲೋಟ ಅವಳ ಬಾಯಿಂದ ಮಾತಾಡಿದ ಹಾಗಾಯಿತು.

ನಾನು ಎದ್ದೆ. "ಕೆಂಪರಾಜ್, ಬೀಗದ ಕೈ ಕೊಡು."

"ಆಂಟಿ, ಆಮೇಲೆ ಮಾತಾಡೋಣ, ಪ್ಲೀಸ್."

"ಶೆಡ್ಡು ನಂದು, ಹಿತ್ತಲು ನಂದು. ಈಗ್ಲೇ ಕೊಡು. ಇಲ್ಲದಿದ್ರೆ ಕಾಡುಪ್ರಾಣಿ ಕೂಡಿಹಾಕಿದಾನೆ ಅಂತ ಪೊಲೀಸಿಗೆ ನಾನೇ ಫೋನ್ ಮಾಡ್ತೀನಿ. ಅಗ್ರಿಮೆಂಟ್ ಒಲೆಗೆ ಹಾಕು."

ಕೊಟ್ಟ. ಭೀಮಬಾಯಿ ಪಂಜರವನ್ನು ಶೆಡ್ಡಿಗೆ ಎಳೆದುಕೊಂಡು ಹೋಗಿ ಬಾಗಿಲು ತೆಗೆದಳು. ನಾಲ್ಕು ವರ್ಷದ ಗುರುತು ಎಂದು ಕಳ್ಳಿ ಅವಳ ಕೈ ನೆಕ್ಕಲಿಲ್ಲ. ಹೆಬ್ಬೆರಳ ಬುಡಕ್ಕೆ ಕಚ್ಚಿ, ಕಂಬ ಹತ್ತಿ ಅಟ್ಟ ಸೇರಿತು. ರಕ್ತ ಸುರಿಯುವ ಕೈಯನ್ನು ನಲ್ಲಿಗೆ ಹಿಡಿದು ಭೀಮಬಾಯಿ ಅಂದಳು, "ಕಚ್ಲಿ ಬಿಡ್ರಿ. ನಾನಾದ್ರೂ ಇದ್ನೇ ಮಾಡ್ತಿದ್ದೆ." ಶಿವಾಜಿನಗರದ ಆಸ್ಪತ್ರೆಗೆ ನಾನೇ ಆಟೋದಲ್ಲಿ ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿದೆ. ತಿಂಗಳಿಡೀ ಕರೆದ ದಿನಕ್ಕೆಲ್ಲ ಹೋದೆವು.

ಮೂರನೆಯ ದಿನ ಬೆಳಕು ಹರಿಯುವಾಗ ಕಳ್ಳಿ ಮರಿಗಳ ಕತ್ತು ಕಚ್ಚಿ ಹಿಡಿದು, ಒಂದನ್ನು ಬಿಟ್ಟುಬಂದು ಇನ್ನೊಂದನ್ನು ಎತ್ತಿಕೊಂಡು, ಕೇಬಲ್ಲಿನ ಮೇಲೆ ದಾಟಿಹೋಯಿತು. ಹಿಂದಿರುಗಿ ಬರಲಿಲ್ಲ.

ಕೆಂಪರಾಜ್ ನಮ್ಮ ಮನೆ ಬಿಟ್ಟು ನೂರಡಿ ರಸ್ತೆಗೆ ಹೋದ. ಅಲ್ಲಿ ಗೋಡೆಯ ತುಂಬ ಪುನುಗು ಬೆಕ್ಕಿನ ಚಿತ್ರ ಬರೆಸಿದ್ದಾನಂತೆ. ಅವತ್ತಿನ ಫೋಟೋ ನೋಡಿಯೇ ಜನ ಬರುತ್ತಾರಂತೆ. ಕ್ಯೂ ಇದೆಯಂತೆ. ನಾನು ಕಾಫಿ ಬಿಟ್ಟೆ. ಟೀ ಕುಡಿಯುತ್ತೇನೆ.

ಭೀಮಬಾಯಿ ಈಗ ಹಿಂದಿನ ರಸ್ತೆಯ ಒಂದು ಆಫೀಸಿನಲ್ಲಿ ಗುಡಿಸುತ್ತಾಳೆ. ನಮ್ಮ ತಾರಸಿಯಲ್ಲಿ ಗುಡಿಸಲು ಏನೂ ಇಲ್ಲ, ಆದರೂ ವಾರಕ್ಕೊಮ್ಮೆ ಬಂದು ಹೋಗುತ್ತಾಳೆ. ಅವಳ ಲೋಟವನ್ನು ಒಳಗಿನವುಗಳ ಜೊತೆ ಸೇರಿಸಿದ್ದೇನೆ. ಅವಳು ನೋಡಿದಳು.

ಈ ಆಷಾಢದಲ್ಲಿ ಒಂದು ಬೆಳಗ್ಗೆ ಪೇಪರಿನಲ್ಲಿ ಏನೋ ಸುತ್ತಿಕೊಂಡು ಬಂದಳು. ಹೆಬ್ಬೆರಳ ಬುಡದಲ್ಲಿ ಗಾಯದ ಕಲೆ ಬೆಳ್ಳಗಿತ್ತು.

"ಆಫೀಸ್ ಕಾಂಪೌಂಡಿನ ಮ್ಯಾಲ ಸಿಕ್ತ್ರಿ. ಮೂರು ಹಿಕ್ಕಿ ಅದಾವ ನೋಡ್ರಿ, ಒಂದು ದೊಡ್ಡದು, ಎರಡು ಸಣ್ಣವು."

ನಾನು ಟೀ ಲೋಟ ಪಕ್ಕಕ್ಕಿಟ್ಟು, ಊಟದ ಮೇಜಿನ ಮೇಲೇ ಪೇಪರ್ ಬಿಡಿಸಿ, ಕಡ್ಡಿ ಕೇಳಿದೆ. ನೇರಳೆ ಬೀಜ, ಹುಳದ ರೆಕ್ಕೆ, ಒಂದಷ್ಟು ಇಲಿ ಕೂದಲು. ಕಾಫಿ ಬೀಜ ಒಂದೂ ಇರಲಿಲ್ಲ.