ಪೋರ್ಷನ್ ಎಷ್ಟು?

ರಬ್ಬರ್ ಚಪ್ಪಲಿಯ ಪಟ್ ಪಟ್... ಮೊನ್ನೆ ಮೊಮ್ಮಗಳು ಪುಸ್ತಕ ಹಿಡಿದು ಆಚೀಚೆ ನಡೆಯುತ್ತ ಓದುತ್ತಿದ್ದಾಗ ಆ ಸದ್ದು ನನ್ನನ್ನು ಸೀದಾ ದುಬೈಯ ಕರಾಮದ ನಮ್ಮ ಹಳೇ ಬಿಲ್ಡಿಂಗಿನ ಕಾರಿಡಾರಿಗೆ ಕರೆದೊಯ್ದಿತು.

ತೊಂಬತ್ತರ ದಶಕದ ಕೊನೆ. ಎದುರು ಫ್ಲಾಟಿನಲ್ಲಿ ಕಾರ್ಕಳದ ಕಡೆಯ ಒಬ್ಬ ಇಂಜಿನಿಯರ್, ಬ್ಯಾಚುಲರ್ ಹುಡುಗರ ಜೊತೆ ರೂಮ್ ಶೇರ್ ಮಾಡಿಕೊಂಡಿದ್ದರು. ಒಳಗೆ ಸದಾ ಟಿವಿ ಗಲಾಟೆ. ಹಾಗಾಗಿ ಸಂಜೆ ಡ್ಯೂಟಿಯಿಂದ ಬಂದವರೇ ಕಾರಿಡಾರಿನಲ್ಲಿ ನಡೆಯುತ್ತ ಬಾಯಿಪಾಠ. ಕಟ್ಟಡದ ಡ್ರಾಯಿಂಗಿಗೆ ಸಹಿ ಹಾಕುವ ಲೈಸೆನ್ಸ್ ಪರೀಕ್ಷೆ ಪಾಸಾದರೆ ಪ್ರಮೋಷನ್. ಪ್ರಮೋಷನ್ ಆದರೆ ಫ್ಯಾಮಿಲಿ ವೀಸಾ. ಊರಿನಲ್ಲಿ ಹೆಂಡತಿ, ಆಗಷ್ಟೇ ನಡೆಯಲು ಕಲಿತ ಮಗಳು. "ಅವಳ ಎಲ್‌ಕೆಜಿ ಇಲ್ಲೇ ಆಗ್ಬೇಕು ಆಂಟಿ, ಊದ್ ಮೇಥಾದ ಇಂಡಿಯನ್ ಸ್ಕೂಲಲ್ಲಿ," ಅನ್ನುತ್ತಿದ್ದರು.

ಆದರೆ ಎಷ್ಟು ಓದಬೇಕು? ಅದೇ ಅವರ ಚಿಂತೆ. ಒಂದು ದಿನ ಪರೀಕ್ಷೆ ನಡೆಸುವ ಆಫೀಸಿಗೇ ಹೋಗಿ ಕೌಂಟರಿನ ಅರಬಿಯನ್ನು ಕೇಳಿದರಂತೆ: "ಸರ್, ಹೌ ಮಚ್ ಪೋರ್ಷನ್?" ಆತ ಪಕ್ಕದಲ್ಲಿದ್ದ ಕಟ್ಟಡ ನಿಯಮಗಳ ದಪ್ಪ ದಪ್ಪ ಕೋಡ್ ಬುಕ್ಕುಗಳನ್ನು ತಟ್ಟಿ, "ಕುಲ್ಲು, ಕುಲ್ಲು!" ಅಂದನಂತೆ. ಎಲ್ಲವೂ!

ಖಲಾಸ್. ಅಡಿಪಾಯ, ಮಣ್ಣು, ಗಾಳಿ... ಒಂದೊಂದು ಟೇಬಲ್ಲೂ ಬಾಯಿಗೆ ಬರಬೇಕು. ಡೇಟ್ ಹತ್ತಿರ ಬಂದಂತೆ ಮುಂದೂಡುವುದು.

"ಎಂತ ಮಾರಾಯ್ರೆ, ಈ ಸಲವೂ ಹೋಗ್ಲಿಲ್ವಾ?" ನನ್ನವರು ಕಿಚಾಯಿಸುತ್ತಿದ್ದರು.

"ಪೋರ್ಷನ್ ಮುಗಿಲಿಲ್ಲ ಅಂಕಲ್. ಭೂಕಂಪದ ಚಾಪ್ಟರ್ ಬಾಕಿ ಉಂಟು."

"ದುಬೈಯಲ್ಲಿ ಎಂಥ ಭೂಕಂಪ? ಇನ್ನೊಮ್ಮೆ ಮುಂದೆ ಹಾಕಿ, ಅದನ್ನು ನಿಮ್ಮ ಹೆಂಡತಿಯೇ ತರಿಸ್ತಾರೆ!"

ನಗುತ್ತಿದ್ದರು. ಮತ್ತೆ ಪಟ್ ಪಟ್...

ವರ್ಷಗಳು ಕಳೆದವು. ಮಗಳು ಊರಿನ ಶಾಲೆಗೇ ಸೇರಿದಳು. ಕೊನೆಗೊಮ್ಮೆ ಧೈರ್ಯ ಮಾಡಿ ಹೋದರೆ, ಉಳಿದವರೆಲ್ಲ ಟ್ರಾಲಿ ಬ್ಯಾಗಿನಲ್ಲಿ ಪುಸ್ತಕ ಎಳೆದುಕೊಂಡು ಬಂದಿದ್ದಾರೆ! ಇವರ ಕೈಯಲ್ಲಿ ಪೆನ್ನು, ಕ್ಯಾಲ್ಕುಲೇಟರ್. ಓಪನ್ ಬುಕ್ ಎಕ್ಸಾಮ್. ನೋಡಿ ಬರೆಯುವ ಪರೀಕ್ಷೆ. ನಮಗೆ ಪೋರ್ಷನ್ ಅಂದರೆ ಸಿಲೆಬಸ್. ನನ್ನ ಕಾನ್ವೆಂಟಿನ ಸಿಸ್ಟರ್‌ಗಳೂ "ಪೋರ್ಷನ್ ಓವರ್, ಗರ್ಲ್ಸ್" ಅನ್ನುತ್ತಿದ್ದರು. ಅದು ಪಕ್ಕಾ ಇಂಗ್ಲಿಷೇ ಅಂತ ನಾನೂ ನಂಬಿದ್ದೆ. ಪಾಪ, ಆ ಅರಬಿಗೆ ಅರ್ಥವಾದದ್ದು ಬೇರೆ: ಪರೀಕ್ಷೆಗೆ ಯಾವ ಪುಸ್ತಕ ತರಬೇಕು ಅಂತ.

ಬಾಯಿಪಾಠದ ಬಲದಲ್ಲೇ ಪಾಸೇನೋ ಆದರು. ಸ್ವೀಟ್ ಬಾಕ್ಸ್ ಹಿಡಿದು ನಮ್ಮ ಬಾಗಿಲಲ್ಲಿ ನಿಂತವರ ಮುಖದಲ್ಲಿ ಖುಷಿಯೇ ಇರಲಿಲ್ಲ. "ಮೊದಲ ಡೇಟಿಗೇ ಹೋಗಬಹುದಿತ್ತು ಆಂಟಿ..." ಅಂದರು. ಇವತ್ತಿಗೂ ಆ ಮಾತು ನೆನೆದರೆ ಸಂಕಟ.

ಆಮೇಲೆ ಅಬುಧಾಬಿಗೆ ಟ್ರಾನ್ಸ್‌ಫರ್, ಹಮ್ದಾನ್ ಸ್ಟ್ರೀಟಿನಲ್ಲಿ ಟು ಬೆಡ್‌ರೂಮ್ ಫ್ಲಾಟ್. ಹೆಂಡತಿ, ಮಗಳು ಬಂದು ಒಂದು ರಜೆಯಷ್ಟು ಇದ್ದರಂತೆ. ಅಜ್ಜಿ ಬೇಕು, ಫ್ರೆಂಡ್ಸ್ ಬೇಕು ಅಂತ ಮಗಳು ಹಠ ಹಿಡಿದು ಹೊರಟಳು. ಅವಳ ಜೊತೆ ತಾಯಿಯೂ.

ಈಗ ಅವರು ಎಲ್ಲಿದ್ದಾರೋ, ಹೇಗಿದ್ದಾರೋ... ಕಿಚಾಯಿಸಲು ನನ್ನವರೂ ಇಲ್ಲ. ನಾವು ದುಬೈ ಬಿಡುವ ಮುಂಚೆ ಒಮ್ಮೆ ಅವರ ಮನೆಗೆ ಹೋಗಿದ್ದೇ ಕೊನೆ. ತಾವೇ ಚಹಾ ಮಾಡಿ ಕೊಟ್ಟರು. ಮನೆಯೆಲ್ಲ ತೋರಿಸಿದರು. ಮಗಳಿಗೆಂದು ಪಿಂಕ್ ಪೇಂಟ್ ಹೊಡೆಸಿದ ಕೋಣೆಯಲ್ಲಿ ಉದ್ದಕ್ಕೆ ಹಗ್ಗ ಕಟ್ಟಿ ತಮ್ಮ ಆಫೀಸ್ ಶರ್ಟುಗಳನ್ನು ಒಣಹಾಕಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಇಲ್ಲಿ ಬಿಸಿಲು ಚೆನ್ನಾಗಿ ಬೀಳ್ತದೆ ಆಂಟಿ," ಎನ್ನುತ್ತ, ಒದ್ದೆ ಶರ್ಟೊಂದನ್ನು ಪಕ್ಕಕ್ಕೆ ಸರಿಸಿ ನನಗೆ ಒಳಗೆ ಹೋಗಲು ದಾರಿ ಮಾಡಿಕೊಟ್ಟರು.